ಡೆಟ್ರಾಯಿಟ್ ದಿವಾಳಿಯಾದಾಗ ಆ ಚಿತ್ರಗಳು ಯಾರ ಸೊತ್ತು?

2013ರ ಜುಲೈ 18ರಂದು ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರ ದಿವಾಳಿ ಅರ್ಜಿ ಹಾಕಿತು. ಸಾಲ ಸುಮಾರು 1,800 ಕೋಟಿ ಡಾಲರ್. ಬೀದಿ ದೀಪಗಳಲ್ಲಿ ಹೆಚ್ಚುಕಡಿಮೆ ಶೇ 40ರಷ್ಟು ಉರಿಯುತ್ತಿರಲಿಲ್ಲ. ವಸೂಲಿಗೆ ಏನಿದೆ ಎಂದು ಹುಡುಕಿದ ಸಾಲ ಕೊಟ್ಟವರ ಕಣ್ಣು ಬಿದ್ದದ್ದು ವುಡ್‌ವರ್ಡ್ ಅವೆನ್ಯೂದಲ್ಲಿರುವ ಬಿಳಿ ಅಮೃತಶಿಲೆಯ ಕಟ್ಟಡದ ಮೇಲೆ. ಅದು ಡೆಟ್ರಾಯಿಟ್ ಕಲಾ ಸಂಗ್ರಹಾಲಯ. ಅದರೊಳಗೆ 60 ಸಾವಿರಕ್ಕೂ ಹೆಚ್ಚು ಕಲಾಕೃತಿಗಳಿದ್ದವು.

ಅಮೆರಿಕದ ದೊಡ್ಡ ಸಂಗ್ರಹಾಲಯಗಳಲ್ಲಿ ಹೆಚ್ಚಿನವು ಸ್ವತಂತ್ರ ಟ್ರಸ್ಟ್‌ಗಳ ಕೈಯಲ್ಲಿವೆ. ಊರು ಮುಳುಗಿದರೂ ಅವುಗಳ ಸಂಗ್ರಹಕ್ಕೆ ಯಾರೂ ಕೈ ಹಾಕುವಂತಿಲ್ಲ. ಡೆಟ್ರಾಯಿಟ್‌ನ ಕಥೆ ಬೇರೆ. ಪತ್ರಿಕೋದ್ಯಮಿ ಜೇಮ್ಸ್ ಸ್ಕ್ರಿಪ್ಸ್ ಮತ್ತು ಸಂಗಡಿಗರು 1885ರಲ್ಲಿ ಇದನ್ನು ಖಾಸಗಿ ಸಂಸ್ಥೆಯಾಗಿಯೇ ಕಟ್ಟಿದ್ದರು. ನಡೆಸುವ ಖರ್ಚಿಗೆ ಊರಿನ ಖಜಾನೆ ಬೇಕಾಯಿತು. 1919ರಲ್ಲಿ ಕಟ್ಟಡ ಮತ್ತು ಸಂಗ್ರಹ ಎರಡೂ ನಗರಾಡಳಿತದ ಹೆಸರಿಗೆ ಹೋದವು. ಕಾರು ಕಾರ್ಖಾನೆಗಳ ದುಡ್ಡು ಹರಿಯುತ್ತಿದ್ದ ಆ ಕಾಲದಲ್ಲಿ ಇದು ಬಲು ಒಳ್ಳೆಯ ಏರ್ಪಾಡಾಗಿಯೇ ಕಂಡಿರಬೇಕು.

ಫಲವೂ ದೊಡ್ಡದೇ ಸಿಕ್ಕಿತು. 1922ರಲ್ಲಿ ನಗರದ ಹಣದಿಂದ ವ್ಯಾನ್ ಗಾಗ್‌ನ ಒಂದು ಸ್ವಚಿತ್ರವನ್ನು ಕೊಂಡರು. ಅಮೆರಿಕದ ಸಾರ್ವಜನಿಕ ಸಂಗ್ರಹಾಲಯವೊಂದಕ್ಕೆ ಬಂದ ಅವನ ಮೊದಲ ಚಿತ್ರ ಅದು. 1924ರಲ್ಲಿ ನಿರ್ದೇಶಕರಾದ ಜರ್ಮನ್ ವಿದ್ವಾಂಸ ವಿಲಿಯಂ ವ್ಯಾಲೆಂಟೈನರ್ ಯುರೋಪನ್ನೆಲ್ಲ ಜಾಲಾಡಿ ಸಂಗ್ರಹ ಬೆಳೆಸಿದರು. ಈಗಿನ ಕಟ್ಟಡ 1927ರಲ್ಲಿ ತೆರೆಯಿತು. 1930ರಲ್ಲಿ ಫ್ಲೆಮಿಶ್ ಚಿತ್ರಕಾರ ಬ್ರೂಗಲ್ 1566ರಲ್ಲಿ ಬರೆದ ಹಳ್ಳಿಯ ಮದುವೆ ಕುಣಿತದ ಚಿತ್ರ ಬಂತು. ಅದರಲ್ಲಿ ನೂರಕ್ಕೂ ಹೆಚ್ಚು ಜನ ತೋಳು ಬೀಸಿ, ಕಾಲೆತ್ತಿ ಕುಣಿಯುತ್ತಾರೆ. ಆ ಗುಂಪಿನಲ್ಲಿ ಮದುಮಗಳನ್ನು ಹುಡುಕಿಯೇ ಪತ್ತೆ ಮಾಡಬೇಕು.

ಆದರೆ ಈ ಸಂಗ್ರಹಾಲಯವನ್ನು ಊರಿನದ್ದಾಗಿಸಿದ್ದು ಮೆಕ್ಸಿಕೋದ ಚಿತ್ರಕಾರ ಡಿಯೆಗೊ ರಿವೆರಾ ಎಂದೇ ನನ್ನ ನಂಬಿಕೆ. ವ್ಯಾಲೆಂಟೈನರ್ ಕರೆಸಿದರು, ಹೆನ್ರಿ ಫೋರ್ಡ್ ಅವರ ಮಗ ಎಡ್ಸೆಲ್ ಫೋರ್ಡ್ ಹಣ ಕೊಟ್ಟರು. ರಿವೆರಾ 1932ರ ವಸಂತದಲ್ಲಿ ಬಂದಿಳಿದಾಗ ಊರು ಮಹಾ ಆರ್ಥಿಕ ಕುಸಿತದಲ್ಲಿ ನರಳುತ್ತಿತ್ತು. ಆ ಮಾರ್ಚ್‌ನಲ್ಲಷ್ಟೇ ಫೋರ್ಡ್‌ನ ರೂಜ್ ಕಾರ್ಖಾನೆಯತ್ತ ಮೆರವಣಿಗೆ ಹೊರಟ ನಿರುದ್ಯೋಗಿಗಳ ಮೇಲೆ ಗುಂಡು ಹಾರಿ ಜನ ಸತ್ತಿದ್ದರು. ಅದೇ ರೂಜ್ ಕಾರ್ಖಾನೆಯಲ್ಲಿ ವಾರಗಟ್ಟಲೆ ಅಲೆದು ರೇಖಾಚಿತ್ರ ಮಾಡಿಕೊಂಡ ರಿವೆರಾ, ಒಳಾಂಗಣದ ನಾಲ್ಕೂ ಗೋಡೆಗಳಿಗೆ ಹಸಿ ಸುಣ್ಣದ ಗಾರೆ ಬಳಿಸಿ, ಅದು ಒಣಗುವ ಮೊದಲೇ ಬಣ್ಣ ಹಚ್ಚುತ್ತ 27 ಫಲಕಗಳನ್ನು ಬರೆದರು.

ಉತ್ತರದ ಗೋಡೆಯಲ್ಲಿ ಫೋರ್ಡ್ ವಿ-8 ಎಂಜಿನ್ ತಯಾರಾಗುತ್ತಿದೆ. ಕಾರ್ಮಿಕರ ಸಾಲು ಮೈ ಹಿಂದಕ್ಕೆ ಬಾಗಿಸಿ ಭಾರ ಎಳೆಯುತ್ತಿದೆ. ಒಬ್ಬನೂ ಸುಮ್ಮನೆ ನಿಂತಿಲ್ಲ. ಅದೇ ಗೋಡೆಯ ಮೇಲಿನ ಮೂಲೆಯಲ್ಲಿ ಮಗುವಿಗೆ ಲಸಿಕೆ ಹಾಕುವ ಫಲಕ. ಮುಂದುಗಡೆ ಕುದುರೆ, ಎತ್ತು, ಕುರಿಗಳು. ಹಿಂದೆ ಮೂವರು ವಿಜ್ಞಾನಿಗಳು. ಯೇಸು ಜನನದ ದೃಶ್ಯವನ್ನು ಅಪಹಾಸ್ಯ ಮಾಡಿದ್ದಾರೆಂದು ಧರ್ಮಗುರುಗಳು ಸಿಟ್ಟಾದರು, ಗೋಡೆಗೆ ಸುಣ್ಣ ಬಳಿಯಿರಿ ಎಂದು ಪತ್ರಿಕೆಯೊಂದು ಬರೆಯಿತು. 1933ರ ಮಾರ್ಚ್‌ನಲ್ಲಿ ಜನ ಸಾವಿರಗಟ್ಟಲೆ ಬಂದು ನೋಡಿದರು. ಎಡ್ಸೆಲ್ ಫೋರ್ಡ್ ಚಿತ್ರಕಾರನ ಬೆನ್ನಿಗೆ ನಿಂತರು. ಗೋಡೆ ಉಳಿಯಿತು.

ಮುಂದಿನ ದಶಕಗಳಲ್ಲಿ ಕಾರ್ಖಾನೆಗಳು ಕದ ಹಾಕಿದವು, ಹತ್ತು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು, ತೆರಿಗೆ ಕುಸಿಯಿತು. ಖಜಾನೆಯನ್ನೇ ನಂಬಿದ್ದ ಸಂಗ್ರಹಾಲಯ ಬಡವಾಗುತ್ತ ಬಂತು. ಕೊನೆಗೆ 2012ರಲ್ಲಿ ವೇಯ್ನ್, ಓಕ್‌ಲೆಂಡ್, ಮಕೋಂಬ್ ಎಂಬ ಮೂರು ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಮತದಾರರ ಮುಂದೆ ಒಂದು ಪ್ರಸ್ತಾವ ಬಂತು: ಆಸ್ತಿಯ ತೆರಿಗೆ ಮೌಲ್ಯದ ಪ್ರತಿ 1,000 ಡಾಲರಿಗೆ 20 ಸೆಂಟ್, ಹತ್ತು ವರ್ಷ. ಸಾಧಾರಣ ಮನೆಗೆ ವರ್ಷಕ್ಕೆ 15 ಡಾಲರಿನಷ್ಟು. ಪ್ರತಿಯಾಗಿ ಅಲ್ಲಿನ ನಿವಾಸಿಗಳಿಗೆ ಉಚಿತ ಪ್ರವೇಶ. ಮೂರೂ ಕಡೆ ಪ್ರಸ್ತಾವ ಗೆದ್ದಿತು. ಟ್ರಾಯ್, ನೋವೈ, ಕ್ಯಾಂಟನ್‌ಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡ ಕುಟುಂಬಗಳೂ ಈ ತೆರಿಗೆ ಕಟ್ಟುತ್ತವೆ. ಆ ಬಾಗಿಲು ಅವರದ್ದೂ ಹೌದು.

ಮರುವರ್ಷವೇ ದಿವಾಳಿ. ನಗರದ ಹಣದಿಂದ ಕೊಂಡ ಕೃತಿಗಳಿಗೆ ಕ್ರಿಸ್ಟೀಸ್ ಹರಾಜು ಸಂಸ್ಥೆಯಿಂದ ಬೆಲೆ ಕಟ್ಟಿಸಲಾಯಿತು. ಅಂಥವು 2,781, ಒಟ್ಟು ಸಂಗ್ರಹದ ಸುಮಾರು ಶೇ 5. ಬೆಲೆ 45.4 ಕೋಟಿಯಿಂದ 86.7 ಕೋಟಿ ಡಾಲರ್. ಬ್ರೂಗಲ್ ಒಂದಕ್ಕೇ 10ರಿಂದ 20 ಕೋಟಿ. ದಾನಿಗಳು ಕೊಟ್ಟ ಕೃತಿಗಳಿಗೆ ಅನೇಕ ಕಡೆ ಷರತ್ತುಗಳ ಕಾವಲಿತ್ತು. ಜನರ ತೆರಿಗೆಯಲ್ಲಿ ಬಂದವುಗಳಿಗೆ ಅದೂ ಇರಲಿಲ್ಲ. ಈ ಸಂಗ್ರಹ ಜನರ ಪರವಾಗಿ ಕಾಪಾಡಬೇಕಾದ ಸ್ವತ್ತು, ಮಾರುವಂತಿಲ್ಲ ಎಂದು ರಾಜ್ಯದ ಅಟಾರ್ನಿ ಜನರಲ್ ಅಭಿಪ್ರಾಯ ಕೊಟ್ಟಿದ್ದರು. ಸಾಲ ಕೊಟ್ಟವರು ಒಪ್ಪಲಿಲ್ಲ.

ಎದುರಿಗೆ ನಗರದ ನಿವೃತ್ತ ನೌಕರರಿದ್ದರು. ಪೊಲೀಸ್ ಮತ್ತು ಅಗ್ನಿಶಾಮಕ ಪಡೆಯವರನ್ನು ಬಿಟ್ಟರೆ ಉಳಿದವರ ಪಿಂಚಣಿ ವರ್ಷಕ್ಕೆ ಸರಾಸರಿ ಸುಮಾರು 19,000 ಡಾಲರ್. ಅದಕ್ಕೂ ಕತ್ತರಿ ಬೀಳಲಿತ್ತು. ಚಿತ್ರವೋ ಅನ್ನವೋ ಎಂದು ಯಾರಾದರೂ ಕೇಳಿದ್ದರೆ ತಪ್ಪೇನೂ ಇರಲಿಲ್ಲ. ಮಧ್ಯಸ್ಥಿಕೆ ವಹಿಸಿದ್ದ ನ್ಯಾಯಾಧೀಶ ಜೆರಾಲ್ಡ್ ರೋಸೆನ್ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರು. ದತ್ತಿ ಸಂಸ್ಥೆಗಳು 36.6 ಕೋಟಿ, ರಾಜ್ಯ ಸರ್ಕಾರ 19.5 ಕೋಟಿ, ಸಂಗ್ರಹಾಲಯ ತಾನೇ ಸಂಗ್ರಹಿಸಿ 10 ಕೋಟಿ ಡಾಲರ್. ರಾಜ್ಯದ ಪಾಲನ್ನು ಒಂದೇ ಸಲದ ಮೊತ್ತದ ಬದಲು ಹಲವು ವರ್ಷಗಳ ಕಂತುಗಳಾಗಿ ಲೆಕ್ಕ ಹಿಡಿದರೆ ಒಟ್ಟು 80 ಕೋಟಿ ದಾಟುತ್ತದೆ. ಹಣವೆಲ್ಲ ಪಿಂಚಣಿ ನಿಧಿಗೆ. ಬದಲಿಗೆ ಸಂಗ್ರಹ ನಗರದ ಕೈಬಿಟ್ಟು ಲಾಭರಹಿತ ಸಂಸ್ಥೆಯ ಹೆಸರಿಗೆ. 12.5 ಕೋಟಿ ಕೊಟ್ಟ ಫೋರ್ಡ್ ಫೌಂಡೇಷನ್ ಅನ್ನು 1936ರಲ್ಲಿ ಹುಟ್ಟುಹಾಕಿದವರು ಅದೇ ಎಡ್ಸೆಲ್ ಫೋರ್ಡ್ ಮತ್ತು ಅವರ ತಂದೆ.

2014ರ ನವೆಂಬರ್ 7ರಂದು ನ್ಯಾಯಾಧೀಶ ಸ್ಟೀವನ್ ರೋಡ್ಸ್ ಯೋಜನೆಗೆ ಒಪ್ಪಿಗೆ ಕೊಟ್ಟರು. ಒಂದೂ ಚಿತ್ರ ಮಾರಾಟವಾಗಲಿಲ್ಲ. ಆದರೆ ಇದನ್ನು ಬರಿಯ ಕಲೆಯ ಗೆಲುವೆಂದು ಹೇಳುವವರು ಅರ್ಧ ಕಥೆ ಬಿಡುತ್ತಾರೆ: ಸಾಮಾನ್ಯ ನಿವೃತ್ತರ ಪಿಂಚಣಿ ಶೇ 4.5 ಕಡಿತವಾಯಿತು, ವಾರ್ಷಿಕ ತುಟ್ಟಿ ಏರಿಕೆ ನಿಂತಿತು, ಆರೋಗ್ಯ ವಿಮೆಯ ನೆರವು ಬಹುಪಾಲು ಹೋಯಿತು. ಚಿತ್ರಗಳು ಉಳಿದದ್ದರಲ್ಲಿ ಅವರ ಪಾಲಿನ ತ್ಯಾಗವೂ ಸೇರಿದೆ. ಒಪ್ಪಂದದ ಪರ ಮತ ಹಾಕಿದವರೂ ಅವರೇ.

ಹತ್ತು ವರ್ಷದೊಳಗೆ ಶಾಶ್ವತ ನಿಧಿ ಬೆಳೆಸಿ ತೆರಿಗೆಯ ಹಂಗು ಬಿಡುವುದು 2012ರ ಲೆಕ್ಕಾಚಾರವಾಗಿತ್ತು. ಅದು ಕೈಗೂಡಲಿಲ್ಲ. 2020ರ ಮಾರ್ಚ್‌ನಲ್ಲಿ ಸಂಗ್ರಹಾಲಯ ಮತ್ತೆ ಮತದಾರರ ಬಳಿ ಹೋಯಿತು, ಮೂರೂ ಕೌಂಟಿಗಳು ಮತ್ತೆ ಹತ್ತು ವರ್ಷಕ್ಕೆ ಹೂಂ ಎಂದವು.