ತಲೆಯಾಡಿಸುವವರು, ಕತ್ತಿ ಅದ್ದಿ ನೋಡುವವರು

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ತೋಟಗಳ ರೈಟರ್ (ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವವರು), ಮೇಸ್ತ್ರಿಗಳಿಗೆ (ಆಳುಗಳಿಂದ ಕೆಲಸ ಮಾಡಿಸುವವರು) ತರಬೇತಿ ಕೊಡುವುದು ನನ್ನ ಕೆಲಸ. ಬಂದವರೆಲ್ಲ ಕೇಳುವುದು ನಾಯಕತ್ವದ ಪಾಠವನ್ನು. ಮೇಸ್ತ್ರಿಯ ಮೇಲೆ ರೈಟರ್, ರೈಟರ್ ಮೇಲೆ ಮ್ಯಾನೇಜರ್, ಅವರ ಮೇಲೆ ಮಾಲೀಕರು; ದಿನದ ಬಹುಪಾಲು ಹೊತ್ತು ಇನ್ನೊಬ್ಬರ ಮಾತಿನಂತೆ ನಡೆಯಬೇಕಾದವರು ಹಾಗೆ ಚೆನ್ನಾಗಿ ಅನುಸರಿಸುವ ವಿದ್ಯೆಯನ್ನು ಮಾತ್ರ ಕೇಳುವುದಿಲ್ಲ.

ಅಮೆರಿಕದ ನಿರ್ವಹಣಾ ತಜ್ಞ ರಾಬರ್ಟ್ ಕೆಲ್ಲಿ 1988ರಲ್ಲಿ ಅನುಯಾಯಿಗಳನ್ನು ಎರಡು ಪ್ರಶ್ನೆಗಳಿಂದ ಅಳೆದರು: ಸ್ವಂತವಾಗಿ ಯೋಚಿಸುತ್ತಾರೆಯೇ? ಮನಸ್ಸಿಟ್ಟು ದುಡಿಯುತ್ತಾರೆಯೇ? ದುಡಿದರೂ ಯೋಚಿಸದವರು ಹೌದಪ್ಪಗಳು. ಯೋಚಿಸಿಯೂ ಕೈಕಟ್ಟಿ ನಿಂತವರು ಮುನಿಸಿನವರು. ನಾನು ಹೆಚ್ಚಾಗಿ ಕಾಣುವುದು ಈ ಎರಡನೆಯವರನ್ನೇ. ಕೆಲಸ ಕೆಟ್ಟ ಮೇಲೆ ‘ನನಗೆ ಆಗಲೇ ಗೊತ್ತಿತ್ತು’ ಎನ್ನುವ ಜಾಣತನ ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ.

ಗಿಡಗಳ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನೇ ನೋಡಿ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಎಂಬುದು ವಾಡಿಕೆಯ ಲೆಕ್ಕ. ಹೌದಪ್ಪ ಅಷ್ಟನ್ನೇ ತೂಗಿ ಕಲಸಿ ಸಿಂಪಡಿಸುತ್ತಾನೆ. ಆದರೆ ಗಾಳಿಗೆ ಬಿದ್ದು ಸತ್ವ ಕಳೆದುಕೊಂಡ ಸುಣ್ಣವಾದರೆ ಆ ತೂಕ ಸಾಲದು, ಎಲೆ ಸುಡುತ್ತದೆ. ಒಳ್ಳೆಯ ಕೆಲಸಗಾರ ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದುತ್ತಾನೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲಲಿಲ್ಲ ಎಂದರ್ಥ. ಆಗ ಅವನು ಸಿಂಪರಣೆ ತಡೆದು, ರೈಟರ್‌ಗೆ ತೋರಿಸಿ, ಇನ್ನಷ್ಟು ಸುಣ್ಣ ಬೆರೆಸುತ್ತಾನೆ. ಅವನು ಆಜ್ಞೆ ಮೀರಲಿಲ್ಲ, ಆಜ್ಞೆಯ ಉದ್ದೇಶವನ್ನು ಕಾಪಾಡಿದ. ಏಕೆ ಎಂದು ತಿಳಿಯದೆ ಹೀಗೆ ತಡೆಯಲು ಬರುವುದಿಲ್ಲ. ಆದ್ದರಿಂದ ಅವನು ಕೇಳಿ ಕೇಳಿ ಕಲಿಯುತ್ತಾನೆ, ಮೇಲಿನವರ ಕೆಲಸವೂ ಅಷ್ಟಷ್ಟೇ ಅರ್ಥವಾಗುತ್ತದೆ. ಮೇಸ್ತ್ರಿ ಮುಂದೆ ರೈಟರ್ ಆಗುವ ದಾರಿ ಇದೇ. ನನ್ನ ತರಗತಿಯ ಪ್ರಮಾಣಪತ್ರವಲ್ಲ.

ಆಕ್ಷೇಪಣೆಗೂ ಹೊತ್ತುಗೊತ್ತು ಇದೆ. ಆಳುಗಳ ಮುಂದೆ ಮ್ಯಾನೇಜರ್ ಜೊತೆ ವಾದಕ್ಕಿಳಿದರೆ ಮಾತು ಸರಿಯಿದ್ದರೂ ಸೋಲುತ್ತದೆ. ಬೆಳಿಗ್ಗೆ ಕೆಲಸ ಹಂಚುವ ಮುನ್ನ ಪಕ್ಕಕ್ಕೆ ಕರೆದು, ಬದಲಿ ದಾರಿಯನ್ನೂ ಸೇರಿಸಿ ಹೇಳಬೇಕು. ಕೊಯ್ಲು ಮೇಲಿನ ಬ್ಲಾಕಿನಿಂದಲೋ ಕೆಳಗಿನದರಿಂದಲೋ ಎಂಬಂಥ ವಿಷಯದಲ್ಲಿ ನಿಮ್ಮ ಸಲಹೆ ಬಿದ್ದುಹೋದರೆ, ಅವರು ಹೇಳಿದ ಬ್ಲಾಕಿನಲ್ಲೇ ಪೂರ್ಣ ಮನಸ್ಸಿನಿಂದ ಕೊಯ್ಲು ಮಾಡಿಸಿ. ಮುಖಗವಸು, ಕೈಗವಸು ಕೊಡದೆ ವಿಷದ ಔಷಧಿ ಹೊಡೆಸಲು ಹೇಳಿದರೆ ಮಾತ್ರ ಆಗುವುದಿಲ್ಲ ಎನ್ನಿ. ಅಲ್ಲಿ ಬದಲಿ ದಾರಿಯ ಚರ್ಚೆಯೂ ಬೇಡ.