ಎಣ್ಣೆ ಎಡಕ್ಕೆ: ಸ್ಪಿಟ್‌ಫೈರ್ ಹೊಟ್ಟೆ ನೋಡಿ ಮಾರ್ಕ್ ಹೇಳುವುದು

ನಿನ್ನೆ ರಾತ್ರಿ 1/72 ಅಳತೆಯ ಸ್ಪಿಟ್‌ಫೈರ್ ಮಾರ್ಕ್ 5 ಮಾಡೆಲ್‌ಗೆ ರೆಕ್ಕೆಯ ಕೆಳಗಿನ ರೇಡಿಯೇಟರ್ ಮತ್ತು ಎಣ್ಣೆ ಕೂಲರ್ ಅಂಟಿಸಿದೆ. ಸ್ಪಿಟ್‌ಫೈರ್ ಅಂದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ವಿಮಾನ, ಮಾರ್ಕ್ ಅಂದರೆ ಅದರ ಆವೃತ್ತಿಯ ಸಂಖ್ಯೆ. ಬೆಳಿಗ್ಗೆ ಎದ್ದು ಫೋಟೋ ಪಕ್ಕದಲ್ಲಿಟ್ಟು ನೋಡಿದರೆ ಎಡದ್ದು ಬಲಕ್ಕೆ ಹೋಗಿದೆ, ಬಲದ್ದು ಎಡಕ್ಕೆ ಬಂದಿದೆ. ಕಿತ್ತು ಸರಿಯಾಗಿ ಕೂರಿಸಿದ್ದೇನೆ. ಎಲ್ಲಿ ತಪ್ಪಿತು ಅನ್ನುವುದು ನೆನಪಿರುವಾಗಲೇ ಬರೆದಿಡುತ್ತೇನೆ. ಮೊದಲ ಸ್ಪಿಟ್‌ಫೈರ್ ಮಾಡುತ್ತಿರುವವರಿಗೆ ಇದರಿಂದ ಒಂದು ದಿನ ಉಳಿಯಬಹುದು.

ನಾನು ಮಾಡುತ್ತಿರುವುದು ಬ್ರಿಟಿಷ್ ವಾಯುಪಡೆಯ 129ನೇ ಸ್ಕ್ವಾಡ್ರನ್‌ನ ವಿಮಾನ. ಅದರ ಹೆಸರೇ ಮೈಸೂರು ಸ್ಕ್ವಾಡ್ರನ್. 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಅದನ್ನು ಮತ್ತೆ ಕಟ್ಟಿದರು. ಅದರ ಲಾಂಛನದಲ್ಲಿರುವುದು ನಮ್ಮ ಗಂಡಭೇರುಂಡ! ಇದು ಗೊತ್ತಾದ ಮೇಲೆ ಬೇರೆ ಸ್ಕ್ವಾಡ್ರನ್ ಮಾಡಲು ನನಗೆ ಮನಸ್ಸೇ ಬರಲಿಲ್ಲ.

72 ಎಲ್ಲಿಂದ ಬಂತು

ಮೀಟರ್ ಲೆಕ್ಕದಲ್ಲಿ ಯೋಚಿಸಿದರೆ 72 ವಿಚಿತ್ರ ಸಂಖ್ಯೆ. ಅಡಿ-ಇಂಚಿನಲ್ಲಿ ನೋಡಿದರೆ ಸುಲಭ: 6 ಅಡಿಗೆ 72 ಇಂಚು. ಅಂದರೆ ಆರಡಿ ಆಳು ಮಾಡೆಲ್‌ನಲ್ಲಿ ಒಂದಿಂಚು. 1/48 ಅಂದರೆ ಒಂದಡಿಗೆ ಕಾಲಿಂಚು. ಮಾಡೆಲ್ ಕಿಟ್ ಮಾಡುವ ಬ್ರಿಟಿಷ್ ಕಂಪನಿ ಏರ್‌ಫಿಕ್ಸ್‌ನ ಮೊದಲ ವಿಮಾನ ಕಿಟ್ 1950ರ ದಶಕದ ಸ್ಪಿಟ್‌ಫೈರ್, ಅದೂ 1/72ರಲ್ಲೇ.

ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 11.23 ಮೀಟರ್. 72ರಿಂದ ಭಾಗಿಸಿದರೆ 156 ಮಿಲಿಮೀಟರ್. ಮಾಡೆಲ್‌ನಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜದಲ್ಲಿ 7 ಸೆಂಟಿಮೀಟರ್ ತಪ್ಪಿದಂತೆ.

ರೆಕ್ಕೆ

ವಿನ್ಯಾಸ ಸೂಪರ್‌ಮರೀನ್ ಕಂಪನಿಯ ಆರ್. ಜೆ. ಮಿಚೆಲ್ ಅವರದು. ಮೊದಲ ವಿಮಾನ ಹಾರಿದ್ದು 1936ರ ಮಾರ್ಚ್ 5ರಂದು. ಮರುವರ್ಷವೇ, 42ನೇ ವಯಸ್ಸಿನಲ್ಲಿ ಮಿಚೆಲ್ ತೀರಿಕೊಂಡರು. ಮುಂದಿನ ಮಾರ್ಕ್‌ಗಳನ್ನೆಲ್ಲ ಬೆಳೆಸಿದವರು ಜೋಸೆಫ್ ಸ್ಮಿತ್. ಸ್ಪಿಟ್‌ಫೈರ್ ಮಾತು ಬಂದಾಗ ಅವರ ಹೆಸರನ್ನೂ ಹೇಳಬೇಕು ಅಂತ ನನ್ನ ಆಸೆ.

ರೆಕ್ಕೆ ಮೊಟ್ಟೆಯ ಆಕಾರದಲ್ಲಿರುವುದು ಬರೀ ಚಂದಕ್ಕಲ್ಲ. ವೇಗಕ್ಕೆ ರೆಕ್ಕೆ ತೆಳ್ಳಗಿರಬೇಕು. ಆದರೆ ಮಡಚಿದ ಚಕ್ರ, ಎಂಟು ಮೆಷಿನ್ ಗನ್ ಎಲ್ಲ ಅದರೊಳಗೇ ಹಿಡಿಸಬೇಕು. ಈ ಆಕಾರದಲ್ಲಿ ರೆಕ್ಕೆಯ ಅಗಲ ಬೇಗ ಕಿರಿದಾಗುವುದಿಲ್ಲ, ಹಾಗಾಗಿ ತೆಳ್ಳಗಿದ್ದರೂ ಒಳಗೆ ಜಾಗ ಸಿಗುತ್ತದೆ. ಇನ್ನೊಂದು ವಿಷಯ: ರೆಕ್ಕೆ ಬುಡದಲ್ಲಿ 2 ಡಿಗ್ರಿ ಮೇಲಕ್ಕೆ, ತುದಿಯಲ್ಲಿ ಅರ್ಧ ಡಿಗ್ರಿ ಕೆಳಕ್ಕೆ ತಿರುಚಿಕೊಂಡಿರುತ್ತದೆ. ಕಿಟ್‌ನ ರೆಕ್ಕೆ ಸೊಟ್ಟಗಿದೆ ಅಂತ ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಲು ಹೋಗಬೇಡಿ. ಅದು ಹಾಗೇ ಇರಬೇಕು.

ಹೊಟ್ಟೆ: ನಾನು ಎಡವಿದ ಜಾಗ

ಮಾರ್ಕ್ 5ರ ರೆಕ್ಕೆಗಳ ಕೆಳಗೆ ಎರಡೂ ಕಡೆ ಬೇರೆ ಬೇರೆ ಸಾಮಾನು ಇರುತ್ತದೆ. ಬಲರೆಕ್ಕೆಯಡಿ ಆಯತಾಕಾರದ ಪೆಟ್ಟಿಗೆ. ಅದು ಎಂಜಿನ್ ತಂಪು ಮಾಡುವ ದ್ರವದ ರೇಡಿಯೇಟರ್. ಎಡರೆಕ್ಕೆಯಡಿ ದುಂಡು ಬಾಯಿಯ ಸಣ್ಣ ಕೊಳವೆ. ಅದು ಎಂಜಿನ್ ಎಣ್ಣೆಯ ಕೂಲರ್. ಎಡ-ಬಲ ಅಂದರೆ ಯಾವಾಗಲೂ ಪೈಲಟ್ ಕೂತಾಗಿನ ಎಡ-ಬಲ.

ಇಷ್ಟು ನನಗೆ ಗೊತ್ತಿತ್ತು. ಆದರೂ ತಪ್ಪಿದೆ, ಯಾಕೆಂದರೆ ಅಂಟಿಸುವಾಗ ವಿಮಾನ ಮಗುಚಿಕೊಂಡಿರುತ್ತದೆ. ಇದನ್ನು ನಿಧಾನವಾಗಿ ನೋಡೋಣ. ಮಾಡೆಲ್ ಮಗುಚಲು ಎರಡು ದಾರಿ ಇದೆ.

ಮೊದಲನೆಯದು ಪುಸ್ತಕದ ಹಾಳೆ ತಿರುವಿದ ಹಾಗೆ. ಮೂತಿ ನಮ್ಮಿಂದ ಆಚೆಗೇ ಇರುತ್ತದೆ, ಹೊಟ್ಟೆ ಮೇಲೆ ಬರುತ್ತದೆ. ಆಗ ವಿಮಾನದ ಎಡರೆಕ್ಕೆ ನಮ್ಮ ಬಲಗೈ ಕಡೆ ಬರುತ್ತದೆ. ಎಡ-ಬಲ ಅದಲುಬದಲು.

ಎರಡನೆಯದು ಗೋಡೆ ಕ್ಯಾಲೆಂಡರ್ ಹಾಳೆ ಮೇಲಕ್ಕೆ ಮಗುಚಿದ ಹಾಗೆ. ಮೂತಿ ನಮ್ಮ ಕಡೆಗೆ ತಿರುಗುತ್ತದೆ. ಆಗ ವಿಮಾನದ ಎಡರೆಕ್ಕೆ ನಮ್ಮ ಎಡಗೈ ಕಡೆಯೇ ಉಳಿಯುತ್ತದೆ. ಅದಲುಬದಲು ಇಲ್ಲ.

ನಾನು ಪುಸ್ತಕದ ಹಾಗೆ ಮಗುಚಿ, ಕ್ಯಾಲೆಂಡರ್ ಹಾಗೆ ಅಂದುಕೊಂಡು ಅಂಟಿಸಿದ್ದೆ. ಒಂದು ಪೆನ್ನು, ಒಂದು ಪೋಸ್ಟ್‌ಕಾರ್ಡ್ ಅಡ್ಡ ಹಿಡಿದು ಎರಡು ಸಲ ಮಾಡಿ ನೋಡಿ, ಕೈಗೇ ಗೊತ್ತಾಗುತ್ತದೆ.

ಇದಕ್ಕಿಂತ ಸುಲಭವಾದ ದಾರಿ ಈಗ ಸಿಕ್ಕಿದೆ. ಮಗುಚುವ ಲೆಕ್ಕವೇ ಬೇಡ. ಪೈಲಟ್ ಹತ್ತುವ ಸಣ್ಣ ಬಾಗಿಲು ಕಾಕ್‌ಪಿಟ್‌ನ ಎಡಕ್ಕಿದೆ. ವೇಗ ಅಳೆಯುವ ಪಿಟಾಟ್ ಕೊಳವೆಯೂ ಎಡರೆಕ್ಕೆಯಡಿ, ತುದಿಯ ಹತ್ತಿರ ಇದೆ. ಎಣ್ಣೆ ಕೂಲರ್ ಕೂಡ ಎಡಕ್ಕೇ. ಹಾಗಾಗಿ ಬಾಗಿಲು ಯಾವ ಕಡೆಗಿದೆಯೋ ಕೂಲರ್ ಆ ಕಡೆ. ನಾನು ಡಬ್ಬದ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೇನೆ: "ಎಣ್ಣೆ ಎಡಕ್ಕೆ." ಎ-ಎ ಪ್ರಾಸ ಇದೆ ಅಲ್ವಾ, ಮರೆಯುವುದಿಲ್ಲ.

ಮಾರ್ಕ್ 1, 2ರಲ್ಲೂ ಇದೇ ಕ್ರಮ. ಆದರೆ ಅವುಗಳ ಎಣ್ಣೆ ಕೂಲರ್ ಬಾಯಿ ಪೂರ್ತಿ ದುಂಡಲ್ಲ, ಅರ್ಧಚಂದ್ರದ ಹಾಗೆ. ಮಾರ್ಕ್ 5ರ ಎಂಜಿನ್ ಶಕ್ತಿ ಜಾಸ್ತಿ, ಎಣ್ಣೆ ಬಿಸಿಯೂ ಜಾಸ್ತಿ, ಅದಕ್ಕೆ ಕೂಲರ್ ದೊಡ್ಡದಾಯಿತು.

ಮಾರ್ಕ್ 9ಕ್ಕೆ ಎರಡೂ ಕಡೆ ಯಾಕೆ ಪೆಟ್ಟಿಗೆ

1941ರ ಕೊನೆಯ ಹೊತ್ತಿಗೆ ಜರ್ಮನಿಯ ಹೊಸ ಫೈಟರ್ ವಿಮಾನ ಫೋಕೆ-ವುಲ್ಫ್ 190 ಬಂತು. ಮಾರ್ಕ್ 5 ಅದಕ್ಕಿಂತ ಹಿಂದೆ ಬಿತ್ತು. ಉತ್ತರವಾಗಿ ಮಾರ್ಕ್ 5ರ ಮೈಗೇ ಮರ್ಲಿನ್ 61 ಎಂಜಿನ್ ಕೂರಿಸಿ ಮಾರ್ಕ್ 9 ಮಾಡಿದರು. 1942ರ ಜುಲೈನಲ್ಲಿ ಅದು ಸೇವೆಗೆ ಬಂತು.

ಈ ಎಂಜಿನ್ ಗಾಳಿಯನ್ನು ಎರಡು ಹಂತದಲ್ಲಿ ಒತ್ತುತ್ತದೆ. ಸೈಕಲ್ ಪಂಪ್ ಹೊಡೆದಾಗ ಅದರ ಬುಡ ಬಿಸಿಯಾಗುತ್ತದೆ ನೋಡಿ, ಇಲ್ಲೂ ಹಾಗೇ. ಒತ್ತಿದ ಗಾಳಿ ಕಾಯುತ್ತದೆ. ಅದನ್ನು ತಂಪು ಮಾಡಿಯೇ ಎಂಜಿನ್‌ಗೆ ಕೊಡಬೇಕು, ಅದಕ್ಕೊಂದು ಇಂಟರ್‌ಕೂಲರ್. ಅದರ ರೇಡಿಯೇಟರ್‌ಗೂ ಜಾಗ ಬೇಕಾಯಿತು. ಹೀಗೆ ಎಡಕ್ಕೂ ಬಲಕ್ಕೂ ಒಂದೇ ತರಹದ ದೊಡ್ಡ ಪೆಟ್ಟಿಗೆ ಬಂತು. ಮೂತಿ ಉದ್ದವಾಯಿತು, ಪ್ರೊಪೆಲ್ಲರ್‌ಗೆ ನಾಲ್ಕು ಎಲೆ ಬಂತು, ಎಕ್ಸಾಸ್ಟ್ ಕೊಳವೆ ಪ್ರತಿ ಬದಿಗೆ ಆರಾಯಿತು. ಮಾರ್ಕ್ 5ಕ್ಕೆ ಬದಿಗೆ ಮೂರೇ.

ಇದು ಅರ್ಥವಾದ ಮೇಲೆ ನನಗೆ ಮಾರ್ಕ್ ಸಂಖ್ಯೆ ಬಾಯಿಪಾಠ ಮಾಡುವ ಕೆಲಸ ತಪ್ಪಿತು. ವಿಮಾನ ಮಗುಚಿ ನೋಡಿ: ಎರಡು ಕಡೆ ಬೇರೆ ಬೇರೆ ಇದ್ದರೆ ಗಾಳಿಯನ್ನು ಒಂದೇ ಹಂತದಲ್ಲಿ ಒತ್ತುವ ಹಳೆಯ ಮರ್ಲಿನ್ ಎಂಜಿನ್, ಒಂದೇ ತರಹ ಇದ್ದರೆ ಆಮೇಲಿನದು.

ಬಣ್ಣ

1941ರ ಆಗಸ್ಟ್‌ನಲ್ಲಿ ಬ್ರಿಟಿಷ್ ಫೈಟರ್‌ಗಳ ಬಣ್ಣ ಬದಲಾಯಿತು. ಮೇಲೆ ಕಂದು-ಹಸಿರು ಇದ್ದದ್ದು ಬೂದು-ಹಸಿರಾಯಿತು, ಹೊಟ್ಟೆ ತಿಳಿ ಬೂದು. ಮೈಸೂರು ಸ್ಕ್ವಾಡ್ರನ್‌ಗೆ ಮಾರ್ಕ್ 5 ಬಂದದ್ದೂ ಅದೇ ಹೊತ್ತಿಗೆ. ಹಾಗಾಗಿ ನಾನು ಬೂದು-ಹಸಿರನ್ನೇ ಹಚ್ಚುತ್ತೇನೆ. ಹೊಟ್ಟೆಗೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ಪದರ) ಹೊಡೆದಿದ್ದೇನೆ. ಒಣಗಿದ ಮೇಲೆ ಬದಿಯಲ್ಲಿ ಸ್ಕ್ವಾಡ್ರನ್ನಿನ ಗುರುತಿನ ಅಕ್ಷರ, ಡಿ ಮತ್ತು ವಿ, ಡೆಕಾಲ್ (ಅಂಟಿಸುವ ಮುದ್ರಿತ ಹಾಳೆ) ಹಾಕಬೇಕು.