ಎಲ್‌ಟಿಎಸ್ ಅಂದರೆ ಏನು?

ಜಾವಾ, ಡಾಟ್‌ನೆಟ್ ಇಂಥ ಪ್ಲಾಟ್‌ಫಾರ್ಮ್‌ಗಳ (ಅಪ್ಲಿಕೇಶನ್ ಬರೆಯಲು, ಓಡಿಸಲು ಬೇಕಾದ ಬುನಾದಿ ಸಾಫ್ಟ್‌ವೇರ್) ಬಗ್ಗೆ ಓದುವಾಗ ಕೆಲವು ವರ್ಷನ್‌ಗಳ ಪಕ್ಕ ಮೂರು ಅಕ್ಷರ ಕಾಣುತ್ತವೆ: ಎಲ್‌ಟಿಎಸ್. ಲಾಂಗ್ ಟರ್ಮ್ ಸಪೋರ್ಟ್ ಅಂತ. ಈ ವರ್ಷನ್ನಿನಲ್ಲಿ ದೋಷವೋ ಸುರಕ್ಷತೆಯ ತೂತೋ ಕಂಡರೆ ಇಂಥ ತಾರೀಕಿನವರೆಗೆ ತೇಪೆ ಹಾಕಿಕೊಡುತ್ತೇವೆ ಎಂಬ ಮಾತು ಅದು. ಹೊಸ ಸೌಲಭ್ಯಗಳ ಆಸೆ ಇಲ್ಲಿ ಬೇಡ.

ಆ ತಾರೀಕು ಮುಗಿದರೂ ಚಿಕ್ಕ ವೆಬ್‌ಸೈಟಿಗೆ ತಲೆನೋವಲ್ಲ, ಎರಡು ವಾರ ಕೂತರೆ ಹೊಸದಾಗಿ ಬರೆಯಬಹುದು. ಆದರೆ ಬಿಲ್ಲಿಂಗ್, ಸ್ಟಾಕ್, ಸಂಬಳ, ಜಿಎಸ್‌ಟಿ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿರುವ ಅಪ್ಲಿಕೇಶನ್ ಹತ್ತು ಹದಿನೈದು ವರ್ಷ ಓಡುತ್ತದೆ. ಅಷ್ಟರಲ್ಲಿ ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಪ್ಲಾಟ್‌ಫಾರ್ಮ್ ಆರಿಸುವ ಮೀಟಿಂಗಿನಲ್ಲಿ ಯಾವುದು ಫಾಸ್ಟ್ ಅಂತ ಗಂಟೆಗಟ್ಟಲೆ ಮಾತಾಡುತ್ತೇವೆ. ನಾನಾದರೆ ಮೊದಲು ಸಪೋರ್ಟ್ ಮುಗಿಯುವ ತಾರೀಕು ನೋಡುತ್ತೇನೆ.

ವೆಬ್ ಸ್ಕ್ರೀನ್‌ಗಳನ್ನು ಕಟ್ಟುವ ಫ್ರೇಮ್‌ವರ್ಕ್ ಆಂಗ್ಯುಲರ್‌ಜೆಎಸ್ ಕತೆ ನೋಡಿ. ಗೂಗಲ್ ಇದನ್ನು 2010ರಲ್ಲಿ ಹೊರತಂದಿತು. ಬಹಳ ಕಂಪನಿಗಳು ಒಳಗಿನ ಕೆಲಸದ ಸ್ಕ್ರೀನ್‌ಗಳನ್ನು ಇದರಲ್ಲೇ ಕಟ್ಟಿದವು. ಸ್ಕ್ರೀನಿಗೊಂದು ಕಂಟ್ರೋಲರ್ (ಅದನ್ನು ನಡೆಸುವ ಕೋಡ್), ಅದಕ್ಕೊಂದು ಸ್ಕೋಪ್ (ಸ್ಕ್ರೀನಿನ ಮಾಹಿತಿ ಇಡುವ ಜಾಗ). ಬಿಲ್ಲಿನ ಮೊತ್ತವನ್ನು ಸ್ಕೋಪಿನಲ್ಲಿ ಬದಲಿಸಿದರೆ ಪರದೆ ಮೇಲೂ ತಾನಾಗಿ ಬದಲಾಗುತ್ತಿತ್ತು. 2016ರಲ್ಲಿ ಆಂಗ್ಯುಲರ್ 2 ಬಂತು. ಹೆಸರು ಅದೇ, ಒಳಗೆ ಆ ಸ್ಕೋಪೇ ಇಲ್ಲ! ಇನ್ನೂರು ಸ್ಕ್ರೀನ್ ಇದ್ದವರು ಇನ್ನೂರನ್ನೂ ಬಿಚ್ಚಿ ಕಟ್ಟಬೇಕು. ಹಳೆಯದಕ್ಕೆ 2018ರ ಜುಲೈ 1ರಿಂದ ಮೂರು ವರ್ಷ ಎಲ್‌ಟಿಎಸ್ ಕೊಟ್ಟರು. ಕೋವಿಡ್ ಬಂತು ಅಂತ ಆರು ತಿಂಗಳು ಜಾಸ್ತಿ ಮಾಡಿ, 2021ರ ಡಿಸೆಂಬರ್ 31ಕ್ಕೆ ನಿಲ್ಲಿಸಿದರು. ಮೂರೂವರೆ ವರ್ಷ ಸಾಕಲ್ವಾ ಅನಿಸಬಹುದು. ದಿನದ ಕೆಲಸದ ನಡುವೆ ಬಿಡುವು ಮಾಡಿಕೊಂಡು ಆ ಇನ್ನೂರನ್ನು ಬರೆಯಲು ಕೂತವರನ್ನು ಕೇಳಿ.

ಡಾಟ್‌ನೆಟ್‌ನಲ್ಲಿ ಲೆಕ್ಕ ಸುಲಭ: ಸರಿಸಂಖ್ಯೆಯ ವರ್ಷನ್‌ಗಳು ಎಲ್‌ಟಿಎಸ್, ಮೂರು ವರ್ಷ. 2023ರ ನವೆಂಬರಿನಲ್ಲಿ ಬಂದ ಡಾಟ್‌ನೆಟ್ 8ಕ್ಕೆ 2026ರ ನವೆಂಬರ್‌ವರೆಗೆ. ಜಾವಾದಲ್ಲಿ ಆರು ತಿಂಗಳಿಗೊಂದು ವರ್ಷನ್ ಬರುತ್ತದೆ, ಅದರಲ್ಲಿ 8, 11, 17, 21, 25 ಎಲ್‌ಟಿಎಸ್. ಎಷ್ಟು ವರ್ಷ ಎಂಬುದು ಮಾತ್ರ ನೀವು ಯಾರ ಜೆಡಿಕೆ (ಜಾವಾ ಪ್ರೋಗ್ರಾಂ ಬರೆದು ಓಡಿಸುವ ಕಿಟ್) ಹಾಕಿಕೊಂಡಿದ್ದೀರಿ ಎಂಬುದರ ಮೇಲೆ. ಒರಾಕಲ್‌ನವರ ತಾರೀಕು ಒಂದು, ಅಮೆಜಾನ್‌ನ ಜೆಡಿಕೆಯಾದ ಕೊರೆಟ್ಟೊ ತಾರೀಕು ಇನ್ನೊಂದು.

ಇನ್ನೊಂದು ವಿಷಯ. ಎಲ್‌ಟಿಎಸ್ ಕೊಡುವ ಈ ಮಾತು ಪ್ಲಾಟ್‌ಫಾರ್ಮಿಗಷ್ಟೇ. ಬಿಲ್ ಪ್ರಿಂಟ್ ಮಾಡಲು ನೀವು ಸೇರಿಸಿಕೊಂಡ ಪಿಡಿಎಫ್ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ತಾರೀಕನ್ನು ಬೇರೆಯಾಗಿಯೇ ಹುಡುಕಬೇಕು.